ಹೊಸ ಟೈರನ್ನು ಪಳಗಿಸುವುದು

ಹೊಸ ಕಾವಲಿಯ ಮೇಲೆ ಮೊದಲ ದಿನವೇ ದೋಸೆ ಏಳುವುದಿಲ್ಲವೆಂಬುದನ್ನು ಮಲೆನಾಡಿನ ಯಾವ ಗೃಹಿಣಿಗೂ ಹೇಳಿಕೊಡಬೇಕಾಗಿಲ್ಲ. ಎಣ್ಣೆ ಸವರಿ, ಈರುಳ್ಳಿಯ ಹೋಳಿನಿಂದ ತಿಕ್ಕಿ, ನಾಲ್ಕಾರು ದೋಸೆಗಳನ್ನು ಹಾಳುಮಾಡಿಕೊಂಡು ಪಳಗಿಸಿದ ಮೇಲೆಯೇ ಅದು ಕೆಲಸಕ್ಕೆ ಬರುವುದು. ಹೊಸ ಚಪ್ಪಲಿ ಕಾಲನ್ನು ಕಚ್ಚುತ್ತದೆ. ಹೊಸ ಹೋರಿ ನೊಗಕ್ಕೆ ಒಗ್ಗುವುದಿಲ್ಲ. ಹೊಸ ಮೋಟಾರು ಸೈಕಲ್ಲನ್ನು ಕೊಂಡವರಂತೂ ಮೊದಲ ಕೆಲವು ನೂರು ಕಿಲೋಮೀಟರುಗಳವರೆಗೆ ಅದರ ಎಂಜಿನ್ನನ್ನು ಹಸುಗೂಸಿನಂತೆ ನೋಡಿಕೊಳ್ಳುತ್ತಾರೆ. ಇಷ್ಟೆಲ್ಲ ಬಲ್ಲ ನಾವು, ಅದೇ ವಾಹನದ ಚಕ್ರಗಳಿಗೆ ಹೊಸ ಟೈರು ಹಾಕಿಸಿದ ದಿನ ಮಾತ್ರ "ಇನ್ನು ಭಯವಿಲ್ಲ" ಎಂದು ನಿಶ್ಚಿಂತರಾಗಿಬಿಡುತ್ತೇವೆ. ಆ ನಿಶ್ಚಿಂತೆ ಎಷ್ಟು ಅಪಾಯಕರವಾದುದೆಂಬುದನ್ನು ನಾನು ಪುಸ್ತಕದಿಂದ ಕಲಿಯಲಿಲ್ಲ. ರಸ್ತೆಯ ಮೇಲೆ ಬಿದ್ದು ಕಲಿತೆನು.

1880ರಿಂದ 1884ರವರೆಗೆ ಭಾರತದ ವೈಸರಾಯಾಗಿದ್ದ ಲಾರ್ಡ್ ರಿಪ್ಪನ್ನನ ಹೆಸರನ್ನು ಹೊತ್ತಿರುವ ನಮ್ಮ ರಿಪ್ಪನ್‌ಪೇಟೆ ದಾರಿಗಳು ಕೂಡುವ ಊರು. ಪೂರ್ವಕ್ಕೆ ಹೊರಟರೆ ಆಯನೂರಿನ ಮೇಲೆ ಶಿವಮೊಗ್ಗ, ಪಶ್ಚಿಮಕ್ಕೆ ಹೊಸನಗರ, ಉತ್ತರಕ್ಕೆ ಆನಂದಪುರ, ಅಲ್ಲಿಂದ ಸಾಗರ, ದಕ್ಷಿಣಕ್ಕೆ ಸಾಂತರಸರ ಹಳೆಯ ರಾಜಧಾನಿಯಾದ ಹುಂಚ, ಅದನ್ನು ದಾಟಿದರೆ ತೀರ್ಥಹಳ್ಳಿ. ಪಶ್ಚಿಮಕ್ಕೆ ಮತ್ತು ದಕ್ಷಿಣಕ್ಕೆ ಹೋದಷ್ಟೂ ಮಳೆ ಹೆಚ್ಚು, ತಿರುವುಗಳೂ ಹೆಚ್ಚು. ಈ ಭೂಗೋಳವನ್ನು ಇಲ್ಲಿ ಹೇಳುವುದಕ್ಕೆ ಕಾರಣವುಂಟು; ನಮ್ಮ ಕಥೆಯ ಗುಟ್ಟು ಅರ್ಧಾಂಶ ಅದರಲ್ಲಿಯೇ ಅಡಗಿದೆ.

ಕೆಲವು ವರ್ಷಗಳ ಹಿಂದಿನ ಮಾತು. ಮಳೆಗಾಲ ಹತ್ತಿರವಾಯಿತೆಂದು ಜೂನ್ ತಿಂಗಳ ಮೊದಲಲ್ಲಿ ಶಿವಮೊಗ್ಗಕ್ಕೆ ಹೋಗಿ ನನ್ನ ಮೋಟಾರು ಸೈಕಲ್ಲಿಗೆ ಎರಡೂ ಟೈರುಗಳನ್ನು ಹೊಸದಾಗಿ ಹಾಕಿಸಿದೆನು. ಅಂಗಡಿಯ ಹುಡುಗ ಚಕ್ರವನ್ನು ಬಿಗಿಮಾಡುತ್ತ, "ಸಾರ್, ಸ್ವಲ್ಪ ದಿನ ಹುಷಾರಾಗಿ ಓಡಿಸಿ. ಹೊಸ ಟೈರು ಜಾರುತ್ತೆ. ಒಂದು ನೂರೈವತ್ತು ಕಿಲೋಮೀಟರು ಆದಮೇಲೆ ಏನೂ ತೊಂದರೆ ಇಲ್ಲ" ಎಂದನು. ಕಾಲೇಜಿನಲ್ಲಿ ವರ್ಷವರ್ಷವೂ ಘರ್ಷಣೆಯ ಪಾಠ ಹೇಳುವ ನಾನು ಮನಸ್ಸಿನಲ್ಲಿಯೇ ನಕ್ಕೆನು. ಆದರೂ ಹುಡುಗನ ಮಾತಿಗೆ ಗೌರವ ಕೊಟ್ಟು ನಿಧಾನವಾಗಿಯೇ ಊರು ಸೇರಿದೆನು. ಆ ವಾರ ಕೆಲಸದ ಮೇಲೆ ಇನ್ನೆರಡು ಸಲ ಶಿವಮೊಗ್ಗಕ್ಕೆ ಹೋಗಿಬಂದುದರಿಂದ ಟೈರುಗಳು ಇನ್ನೂರು ಕಿಲೋಮೀಟರಿಗೂ ಹೆಚ್ಚು ಓಡಿದ್ದವು. ಮಳೆ ಇನ್ನೂ ಹಿಡಿದಿರಲಿಲ್ಲ. ಎಲ್ಲಿಯೂ ಒಂದು ಅಂಗುಲ ಜಾರಲಿಲ್ಲ.

ಮೃಗಶಿರೆಯ ಮಳೆ ಒಂದು ರಾತ್ರಿ ಸುರಿಯಿತು. ಮರುದಿನ ಬೆಳಿಗ್ಗೆ ಪಿ.ಯು.ಸಿ. ಓದುತ್ತಿದ್ದ ಅಣ್ಣನ ಮಗನನ್ನು ಹಿಂದೆ ಕೂರಿಸಿಕೊಂಡು ಹುಂಚದ ಕಡೆಗೆ ಹೊರಟೆನು. ಮರಗಳ ನೆರಳಿನ ಒಂದು ಎಡತಿರುವಿನಲ್ಲಿ, ಗಂಟೆಗೆ ಸುಮಾರು 35 ಕಿಲೋಮೀಟರು ವೇಗದಲ್ಲಿ, ಹಿಂದಿನ ಚಕ್ರ ಸದ್ದಿಲ್ಲದೆ ಹೊರಕ್ಕೆ ಸರಿಯಿತು. ಬ್ರೇಕನ್ನು ಮುಟ್ಟಿರಲಿಲ್ಲ, ಎಂಜಿನ್ನಿಗೆ ಪೆಟ್ರೋಲನ್ನೂ ಹೆಚ್ಚಿಸಿರಲಿಲ್ಲ. ಇಬ್ಬರೂ ಬಿದ್ದೆವು. ತಲೆಗಳಿಗೆ ಹೆಲ್ಮೆಟ್ಟುಗಳಿದ್ದುದರಿಂದ ದೊಡ್ಡ ಅನಾಹುತ ತಪ್ಪಿತು. ನನ್ನ ಮೊಣಕಾಲು ತರಚಿತು. ಹುಡುಗನ ಬಲಗೈಯ ಮಣಿಕಟ್ಟು ಮುರಿಯಿತು. ಹಿಟ್ಟಿನ ಪಟ್ಟಿ ಹಾಕಿದ ಕೈಯನ್ನು ಎದೆಗವಚಿಕೊಂಡು ಜಗಲಿಯ ಮೇಲೆ ಕುಳಿತಿದ್ದವನು ನಾಲ್ಕನೆಯ ದಿನ ಕೇಳಿದ: "ಚಿಕ್ಕಪ್ಪ, ಹಳೇ ಟೈರಿನಲ್ಲಿ ಎರಡು ಮಳೆಗಾಲ ಅದೇ ತಿರುವಿನಲ್ಲಿ ಓಡಾಡಿದ್ದೇವೆ. ಆಗ ಬೀಳದವರು ಹೊಸ ಟೈರಿನಲ್ಲಿ ಯಾಕೆ ಬಿದ್ದೆವು?"

ಘರ್ಷಣೆಯ ಪಾಠ ಹೇಳುವ ಅಧ್ಯಾಪಕನ ಬಳಿ ಅಂದು ಉತ್ತರವಿರಲಿಲ್ಲ. ಅಂಗಡಿಯ ಹುಡುಗ ಹೇಳಿದ ಲೆಕ್ಕವೂ ಮುಗಿದಿತ್ತು. ಗಾಡಿಯನ್ನು ಅಂಗಳದ ಬೆಳಕಿಗೆ ತಂದು ಹಿಂದಿನ ಟೈರನ್ನು ನೋಡಿದಾಗ ಮಾತ್ರ ಒಂದು ಸುಳಿವು ದೊರೆಯಿತು. ಟೈರಿನ ನಡುವೆ ಸುತ್ತಲೂ ಒಂದು ಪಟ್ಟಿ ಬೂದುಬಣ್ಣಕ್ಕೆ ತಿರುಗಿ ತರಿತರಿಯಾಗಿತ್ತು. ಅದರ ಎರಡು ಪಕ್ಕಗಳಲ್ಲಿ, ಅಂಚಿನವರೆಗೆ, ರಬ್ಬರು ಅಂಗಡಿಯಿಂದ ತಂದ ದಿನದಂತೆಯೇ ಹೊಳೆಯುತ್ತಿತ್ತು. ಅಚ್ಚಿನ ಗಾಳಿರಂಧ್ರಗಳಲ್ಲಿ ಮೂಡಿದ ರಬ್ಬರಿನ ಕೂದಲುಗಳು ಕೂಡ ಅಲ್ಲಿ ಉದುರದೆ ನಿಂತಿದ್ದವು. ಇನ್ನೂರು ಕಿಲೋಮೀಟರು ಓಡಿದ ಟೈರು ಎಂದು ನಾನು ಭಾವಿಸಿದ್ದುದು ವಾಸ್ತವವಾಗಿ ಒಂದು ಪಟ್ಟಿ ಮಾತ್ರ. ಉಳಿದುದು ಒಂದು ಗಜವೂ ಓಡಿರಲಿಲ್ಲ!

ಈ ಹೊಳಪು ಎಂತಹುದು, ಅದು ಏತಕ್ಕೆ ಜಾರುತ್ತದೆ ಎಂಬುದನ್ನು ತಿಳಿಯಲು ಟೈರಿನ ಹುಟ್ಟನ್ನು ಸ್ವಲ್ಪ ನೋಡಬೇಕು.

ಮರದಿಂದ ಇಳಿಸಿದ ರಬ್ಬರು ಬಿಸಿಲಿಗೆ ಅಂಟಂಟಾಗುತ್ತದೆ, ಚಳಿಗೆ ಸೆಟೆಯುತ್ತದೆ. ಅದಕ್ಕೆ ಗಂಧಕವನ್ನು ಸೇರಿಸಿ ಕಾಯಿಸಿದರೆ ಈ ಎರಡು ದೋಷಗಳೂ ನೀಗುತ್ತವೆಂಬುದನ್ನು ಅಮೆರಿಕದ ಚಾರ್ಲ್ಸ್ ಗುಡ್‌ಇಯರ್ 1839ರಲ್ಲಿ ಕಂಡುಕೊಂಡನು. ಗಾಳಿ ತುಂಬಿದ ಟೈರಿಗೆ ಸ್ಕಾಟ್ಲೆಂಡಿನ ರಾಬರ್ಟ್ ಥಾಮ್ಸನ್ 1845ರಲ್ಲಿಯೇ ಹಕ್ಕುಪತ್ರ ಪಡೆದಿದ್ದರೂ, ಅದನ್ನು ಬಳಕೆಗೆ ತಂದ ಕೀರ್ತಿ 1888ರಲ್ಲಿ ಮಗನ ಮೂರು ಚಕ್ರದ ಸೈಕಲ್ಲಿಗಾಗಿ ಟೈರು ಮಾಡಿದ ಪಶುವೈದ್ಯ ಡನ್‌ಲಪ್‌ನದು. ಇಂದಿನ ಟೈರಿನಲ್ಲಿ ಮರದ ರಬ್ಬರು, ಕೃತಕ ರಬ್ಬರು, ಗಂಧಕ, ಎಣ್ಣೆಗಳು, ಗಟ್ಟಿತನಕ್ಕಾಗಿ ಇಂಗಾಲದ ನುಣ್ಣನೆಯ ಮಸಿ, ಕೆಲವು ಟೈರುಗಳಲ್ಲಿ ಮರಳಿನ ಬಂಧುವಾದ ಸಿಲಿಕಾ, ಇಷ್ಟೂ ಇರುತ್ತವೆ. ಟೈರು ಕಪ್ಪಗಿರುವುದು ಆ ಮಸಿಯಿಂದಲೇ. ಈ ಮಿಶ್ರಣದಿಂದ ಕಟ್ಟಿದ ಹಸಿ ಟೈರನ್ನು ಉಕ್ಕಿನ ಅಚ್ಚಿನೊಳಗಿಟ್ಟು, ಒಳಗಿನಿಂದ ಉಬ್ಬುವ ಚೀಲವೊಂದರಿಂದ ಅಚ್ಚಿನ ಗೋಡೆಗೆ ಒತ್ತಿ, 150 ಡಿಗ್ರಿ ಸೆಂಟಿಗ್ರೇಡಿಗೂ ಮೇಲ್ಪಟ್ಟ ಶಾಖದಲ್ಲಿ ಬೇಯಿಸುತ್ತಾರೆ. ಅಚ್ಚಿನ ಒಳಮೈ ಎಷ್ಟು ನುಣುಪೋ ಟೈರಿನ ಹೊರಮೈಯೂ ಅಷ್ಟೇ ನುಣುಪಾಗಿ ಬರುತ್ತದೆ.

ಬೆಂದ ಟೈರು ಅಚ್ಚಿಗೆ ಹಿಡಿದುಕೊಳ್ಳದೆ ಬಿಟ್ಟುಬರಲೆಂದು ಹಿಂದೆ ಜಾರುದ್ರವ್ಯಗಳನ್ನು ಸವರುವ ಪದ್ಧತಿ ವ್ಯಾಪಕವಾಗಿತ್ತು. ಅಪ್ಪದ ಗುಳಿಗೆ ತುಪ್ಪ ಸವರಿದಂತೆ ಎನ್ನಬಹುದು. ಹೊಸ ಟೈರು ಜಾರುವುದು ಈ ದ್ರವ್ಯದಿಂದ ಮಾತ್ರ ಎಂದು ನಮ್ಮ ಗ್ಯಾರೇಜುಗಳಲ್ಲಿ ಇಂದಿಗೂ ಹೇಳುತ್ತಾರೆ. ಆದರೆ ಈಗ ಅನೇಕ ಕಾರ್ಖಾನೆಗಳು ಅಚ್ಚಿಗೇ ಬಹುಕಾಲ ಬಾಳುವ ಲೇಪನವನ್ನು ಕೊಡುವುದರಿಂದ ಟೈರಿನ ಹೊರಮೈಗೆ ಅಂತಹ ದ್ರವ್ಯ ಹೆಚ್ಚಾಗಿ ಅಂಟುವುದಿಲ್ಲ. ಆದರೂ ಹೊಸ ಟೈರಿನ ಮೈಮೇಲೆ ಇನ್ನೊಂದು ಪದರ ಇದ್ದೇ ಇರುತ್ತದೆ. ಅದು ಹೊರಗಿನಿಂದ ಬಂದುದಲ್ಲ, ಒಳಗಿನಿಂದ ಬೆವರಿದಂತೆ ಬಂದುದು.

ಗಾಳಿಯಲ್ಲಿ ಅತಿ ಸ್ವಲ್ಪವಾಗಿ ಬೆರೆತಿರುವ ಓಜೋನ್ ಎಂಬ ಅನಿಲ ರಬ್ಬರಿಗೆ ಶತ್ರು. ಅದು ರಬ್ಬರಿನ ದೀರ್ಘವಾದ ಅಣುಸರಪಣಿಗಳನ್ನು ಕತ್ತರಿಸುತ್ತದೆ. ಮೂಲೆಯಲ್ಲಿ ಬಹುಕಾಲ ನಿಂತ ಸೈಕಲ್ಲಿನ ಟೈರಿನ ಪಕ್ಕಗಳಲ್ಲಿ ಕಾಣುವ ಸಣ್ಣ ಬಿರುಕುಗಳು ಬಹುಮಟ್ಟಿಗೆ ಅದರ ಕೆಲಸ. ಇದನ್ನು ತಡೆಯಲು ಮಿಶ್ರಣದಲ್ಲಿ ಪ್ಯಾರಾಫಿನ್ ಮೇಣವನ್ನೂ ಇತರ ರಕ್ಷಕ ರಾಸಾಯನಿಕಗಳನ್ನೂ ಬೆರೆಸಿರುತ್ತಾರೆ. ಅವು ಮೆಲ್ಲಮೆಲ್ಲನೆ ಮೇಲ್ಮೈಗೆ ಊರಿ ಬಂದು ತೆಳುವಾದ ಹೊದಿಕೆಯಾಗಿ ನಿಲ್ಲುತ್ತವೆ. ಗೋದಾಮಿನಲ್ಲಿ ತಿಂಗಳುಗಟ್ಟಲೆ ಕುಳಿತ ಟೈರಿಗೆ ಇದು ಶ್ರೀರಕ್ಷೆ. ಅದೇ ಟೈರು ರಸ್ತೆಗೆ ಇಳಿದ ದಿನ ಇದೇ ಅದರ ದೋಷ. ಕಾವಲಿಯನ್ನು ಪಳಗಿಸುವುದೆಂದರೆ ಅದಕ್ಕೊಂದು ಪದರವನ್ನು ಕಟ್ಟುವುದು. ಟೈರನ್ನು ಪಳಗಿಸುವುದೆಂದರೆ ಇರುವ ಪದರವನ್ನು ಕಳೆಯುವುದು.

ಇಷ್ಟು ತೆಳುವಾದ ಪದರದಿಂದ ಏನಾದೀತು ಎಂಬ ಸಂಶಯವಿದ್ದವರು ಮನೆಯಲ್ಲಿಯೇ ಒಂದು ಪ್ರಯೋಗವನ್ನು ಮಾಡಿ ನೋಡಬಹುದು. ಬೇಕಾದುದು ಒಂದು ಗಾಜಿನ ಹಲಗೆ, ಕೋನಮಾಪಕ, ಮೇಣದ ಬತ್ತಿ ಮತ್ತು ಪೆನ್ಸಿಲಿನ ಗೆರೆಯನ್ನು ಅಳಿಸುವ ರಬ್ಬರು. (ರಬ್ಬರಿಗೆ ಈ ಅಳಿಸುವ ಗುಣವಿದೆಯೆಂದು 1770ರಲ್ಲಿ ಬರೆದಿಟ್ಟವನು ರಸಾಯನಶಾಸ್ತ್ರಜ್ಞ ಪ್ರೀಸ್ಟ್ಲಿ.) ಗಾಜನ್ನು ಚೆನ್ನಾಗಿ ತೊಳೆದು ಒರಸಿ, ರಬ್ಬರಿನ ತುಂಡನ್ನು ಅದರ ಮೇಲಿಟ್ಟು, ಒಂದು ಕೊನೆಯನ್ನು ಮೆಲ್ಲನೆ ಎತ್ತಿರಿ. ರಬ್ಬರು ಜಾರಲು ತೊಡಗಿದ ಕೋನವನ್ನು ಗುರುತುಮಾಡಿಕೊಳ್ಳಿ. ಆ ಕೋನದ ಟ್ಯಾಂಜೆಂಟು ಘರ್ಷಣಾಂಕಕ್ಕೆ ಸಮವೆಂಬುದನ್ನು ನೀವು ಓದಿರುತ್ತೀರಿ. ಅನಂತರ ರಬ್ಬರಿನ ತಳಕ್ಕೆ ಮೇಣದ ಬತ್ತಿಯನ್ನು ಎರಡು ಸಲ ಉಜ್ಜಿ ಮತ್ತೆ ಅಳೆಯಿರಿ. ಕೋನ ಎಷ್ಟು ಕುಗ್ಗುತ್ತದೆಂಬುದನ್ನು ಕಣ್ಣಾರೆ ಕಾಣುವಿರಿ. ಕೊನೆಗೆ ಅದೇ ತಳವನ್ನು ಅಂಗಳದ ಸಿಮೆಂಟಿನ ಮೇಲೆ ಹತ್ತಿಪ್ಪತ್ತು ಸಲ ತಿಕ್ಕಿ, ಗಾಜನ್ನೂ ಒರಸಿ ಅಳೆದರೆ ಕಳೆದುಹೋದ ಹಿಡಿತ ಮರಳಿ ಬಂದಿರುತ್ತದೆ. ಹೊಸ ಟೈರಿನ ಮೊದಲ ಕಿಲೋಮೀಟರುಗಳಲ್ಲಿ ನಡೆಯುವುದು ಇದೇ ತಿಕ್ಕಾಟ. ವ್ಯತ್ಯಾಸವೆಂದರೆ ಅಲ್ಲಿ ಅಂಗಳದ ಬದಲು ರಸ್ತೆ, ಬೆರಳಿನ ಬದಲು ನಾವು!

ಇಲ್ಲಿ ಪಠ್ಯಪುಸ್ತಕದ ಒಂದು ಮಾತನ್ನು ತಿದ್ದಿಕೊಳ್ಳಬೇಕಾಗಿದೆ. ಘರ್ಷಣೆ ಭಾರಕ್ಕೆ ಅನುಪಾತದಲ್ಲಿರುತ್ತದೆ, ಸ್ಪರ್ಶದ ವಿಸ್ತಾರವನ್ನು ಅವಲಂಬಿಸುವುದಿಲ್ಲ ಎಂಬ ನಿಯಮವನ್ನು ಫ್ರಾನ್ಸಿನ ಅಮೋಂತೋನ್ 1699ರಲ್ಲಿ ಮಂಡಿಸಿದನು. ಮರಕ್ಕೂ ಲೋಹಕ್ಕೂ ಇದು ಚೆನ್ನಾಗಿ ಒಪ್ಪುತ್ತದೆ. ರಬ್ಬರು ಮಾತ್ರ ಈ ನಿಯಮಕ್ಕೆ ಬಗ್ಗುವ ಪದಾರ್ಥವಲ್ಲ. ಅದರ ಘರ್ಷಣಾಂಕ ವೇಗದೊಡನೆ, ಉಷ್ಣತೆಯೊಡನೆ, ಒತ್ತಡದೊಡನೆ ಬದಲಾಗುತ್ತದೆ. 1963ರಲ್ಲಿ ಗ್ರೋಷ್ ಎಂಬ ವಿಜ್ಞಾನಿ ಬಗೆಬಗೆಯ ರಬ್ಬರುಗಳನ್ನು ಗಾಜಿನ ಮೇಲೂ ಒರಟಾದ ತಲಗಳ ಮೇಲೂ ನಾನಾ ವೇಗಗಳಲ್ಲಿ, ನಾನಾ ಉಷ್ಣತೆಗಳಲ್ಲಿ ಎಳೆದು ಅಳೆದು, ರಬ್ಬರಿನ ಹಿಡಿತಕ್ಕೆ ಎರಡು ಬೇರುಗಳಿವೆಯೆಂಬುದನ್ನು ಸ್ಪಷ್ಟಪಡಿಸಿದನು.

ಮೊದಲನೆಯದು ಅಂಟಿಕೊಳ್ಳುವಿಕೆ. ರಬ್ಬರಿನ ಅಣುಗಳು ರಸ್ತೆಯ ಮೈಗೆ ಕ್ಷಣಕಾಲ ಹತ್ತಿಕೊಂಡು, ಹಿಗ್ಗಿ, ಕಿತ್ತುಬಂದು, ಮತ್ತೆ ಹತ್ತಿಕೊಳ್ಳುತ್ತವೆ. ಇದಕ್ಕೆ ನೇರವಾದ ಸ್ಪರ್ಶ ಬೇಕು. ನಡುವೆ ಮೇಣವಾಗಲಿ, ಧೂಳಾಗಲಿ, ನೀರಾಗಲಿ ಬಂದರೆ ಈ ನಂಟು ಕಡಿಯುತ್ತದೆ. ಎರಡನೆಯದು ರಬ್ಬರು ರಸ್ತೆಯ ಜಲ್ಲಿಯ ಮೊನೆಗಳ ಮೇಲೆ ಹಾಸಿಕೊಂಡು ಹರಿಯುವುದರಿಂದ ಬರುವುದು. ಮೊನೆಯೊಂದು ರಬ್ಬರನ್ನು ಒತ್ತಿ ತಗ್ಗುಮಾಡುತ್ತದೆ. ಮೊನೆ ದಾಟಿದ ಮೇಲೆ ರಬ್ಬರು ಮೊದಲಿನ ಆಕಾರಕ್ಕೆ ಬರುತ್ತದೆ, ಆದರೆ ಒತ್ತುವಾಗ ಪಡೆದ ಶಕ್ತಿಯನ್ನೆಲ್ಲ ಹಿಂದಕ್ಕೆ ಕೊಡುವುದಿಲ್ಲ. ಉಳಿದುದು ಶಾಖವಾಗುತ್ತದೆ. ಹೀಗೆ ನಷ್ಟವಾದ ಶಕ್ತಿಯೇ ಜಾರುವಿಕೆಗೆ ಅಡ್ಡಿಯಾಗುತ್ತದೆ. ಒದ್ದೆಯಾದ ರಸ್ತೆಯ ಮೇಲೆ ನಮ್ಮನ್ನು ಬಹುಮಟ್ಟಿಗೆ ಕಾಪಾಡುವುದು ಈ ಎರಡನೆಯ ಬಗೆ. ಆದರೆ ಅಲ್ಲಿಯೂ ರಬ್ಬರು ನೀರಿನ ಪದರವನ್ನು ಭೇದಿಸಿ ಜಲ್ಲಿಯನ್ನು ಮುಟ್ಟಬೇಕು. ತರಿತರಿಯಾದ ರಬ್ಬರಿನ ಸೂಕ್ಷ್ಮವಾದ ಏರುತಗ್ಗುಗಳು ಇದಕ್ಕೆ ನೆರವಾಗುತ್ತವೆ. ಅಚ್ಚಿನಿಂದ ಬಂದ ನುಣುಪಾದ, ಮೇಣ ಹೊದ್ದ ಮೈ ನೆರವಾಗುವುದಿಲ್ಲ. ಒಣರಸ್ತೆಯ ಮೇಲೆ ಹೊಸ ಟೈರಿನ ಕುಂದು ಹೆಚ್ಚಾಗಿ ಬಯಲಿಗೆ ಬಾರದೆ ಹೋಗಬಹುದು. ಮೊದಲ ಮಳೆಯ ದಿನ ಧೂಳು, ಎಂಜಿನ್ನುಗಳಿಂದ ತೊಟ್ಟಿಕ್ಕಿದ ಎಣ್ಣೆ, ನೀರು ಇವು ಕಲಸಿದ ಲೇಪದ ಮೇಲೆ ಅದು ಬಯಲಾಗುತ್ತದೆ.

ಈಗ ತಿರುವಿನ ವಿಷಯಕ್ಕೆ ಬರೋಣ. ಮುರಿದ ಕೈ ಕೂಡಿದ ಮೇಲೆ ಹುಡುಗನೂ ನಾನೂ ಒಂದು ಹಗ್ಗವನ್ನು ಹಿಡಿದುಕೊಂಡು ಆ ತಿರುವಿಗೆ ಮತ್ತೆ ಹೋದೆವು. ವರ್ತುಲದ ಒಂದು ತುಣುಕು ಕಣ್ಣಿಗೆ ಬಿದ್ದರೆ ಸಾಕು, ಅದರ ತ್ರಿಜ್ಯವನ್ನು ಕಂಡುಹಿಡಿಯಬಹುದು. ರಸ್ತೆಯ ಒಳ ಅಂಚಿನ ಎರಡು ಬಿಂದುಗಳ ನಡುವೆ 12 ಮೀಟರಿನ ಹಗ್ಗವನ್ನು ಬಿಗಿಯಾಗಿ ಹಿಡಿದಾಗ, ಅದರ ಮಧ್ಯಬಿಂದುವಿಗೂ ರಸ್ತೆಯ ಅಂಚಿಗೂ ಇದ್ದ ಅಂತರ ಸುಮಾರು 90 ಸೆಂಟಿಮೀಟರು. ಹಗ್ಗದ ಉದ್ದದ ವರ್ಗವನ್ನು ಈ ಅಂತರದ ಎಂಟರಷ್ಟರಿಂದ ಭಾಗಿಸಿದರೆ 20 ಬರುತ್ತದೆ. ಅಂತರದ ಅರ್ಧವನ್ನು ಕೂಡಿಸಬೇಕಾದರೂ ನಮ್ಮ ಲೆಕ್ಕಕ್ಕೆ ತ್ರಿಜ್ಯ 20 ಮೀಟರೆಂದರೆ ಸಾಕು.

ತಿರುವಿನಲ್ಲಿ ಸವಾರನೂ ವಾಹನವೂ ಒಳಕ್ಕೆ ವಾಲುತ್ತಾರೆ. ವೇಗದ ವರ್ಗವನ್ನು ತ್ರಿಜ್ಯ ಮತ್ತು ಗುರುತ್ವ ವೇಗೋತ್ಕರ್ಷಗಳ ಗುಣಲಬ್ಧದಿಂದ ಭಾಗಿಸಿದರೆ ಬರುವುದು ವಾಲಿದ ಕೋನದ ಟ್ಯಾಂಜೆಂಟು. ಸಮತಟ್ಟಾದ ರಸ್ತೆಯ ಮೇಲೆ ಜಾರದಿರಲು ಬೇಕಾದ ಕನಿಷ್ಠ ಘರ್ಷಣಾಂಕವೂ ಅದೇ ಸಂಖ್ಯೆ! ಓರೆ ಹಲಗೆಯ ಮೇಲಿನ ರಬ್ಬರಿನ ತುಂಡಿಗೂ ತಿರುವಿನಲ್ಲಿ ವಾಲಿದ ಮೋಟಾರು ಸೈಕಲ್ಲಿಗೂ ಒಂದೇ ಗಣಿತ. ಗಂಟೆಗೆ 35 ಕಿಲೋಮೀಟರೆಂದರೆ ಸೆಕೆಂಡಿಗೆ 9.7 ಮೀಟರು. ಲೆಕ್ಕ ಹಾಕಿದರೆ ನಮಗೆ ಬೇಕಾಗಿದ್ದ ಘರ್ಷಣಾಂಕ 0.48, ವಾಲಿದ ಕೋನ ಸುಮಾರು 26 ಡಿಗ್ರಿ. ಒಣಗಿದ ಒಳ್ಳೆಯ ಡಾಂಬರು ರಸ್ತೆಯ ಮೇಲೆ ಪಳಗಿದ ಟೈರಿನ ಘರ್ಷಣಾಂಕ 0.8ರ ಆಸುಪಾಸಿನಲ್ಲಿ ಇರುವುದುಂಟು; ಆಗ ಈ ತಿರುವನ್ನು 45 ಕಿಲೋಮೀಟರು ವೇಗದವರೆಗೂ ದಾಟಬಹುದು. ಒದ್ದೆಯಾದಾಗ ಅದು 0.55ಕ್ಕೆ ಇಳಿದರೆ ಮಿತಿ 37 ಕಿಲೋಮೀಟರು. ಪಳಗದ ಅಂಚಿನ ಮೇಲೆ ಇನ್ನೂ ಇಳಿದು 0.4 ಆಯಿತೆಂದು ಇಟ್ಟುಕೊಂಡರೆ ಮಿತಿ 32 ಕಿಲೋಮೀಟರು. ಹಿಂದಿನ ಎರಡು ಮಳೆಗಾಲಗಳಲ್ಲಿ ನಾವು ಬಿದ್ದಿರಲಿಲ್ಲವೆಂಬುದು ನಿಜ. ಆದರೆ ಕೂದಲೆಳೆಯ ಅಂತರದಲ್ಲಿ ಪಾರಾಗುತ್ತಿದ್ದೆವು ಎಂಬುದು ಈ ಲೆಕ್ಕದಿಂದ ತಿಳಿದ ಅಷ್ಟೇನೂ ಹಿತವಲ್ಲದ ಸಂಗತಿ. 25 ಕಿಲೋಮೀಟರು ವೇಗದಲ್ಲಿ ಹೋಗಿದ್ದರೆ ಬೇಕಾಗುತ್ತಿದ್ದುದು 0.25 ಮಾತ್ರ, ವಾಲಬೇಕಾಗಿದ್ದುದು 14 ಡಿಗ್ರಿ.

ವಾಹನ ವಾಲಿದಾಗ ನೆಲವನ್ನು ಮುಟ್ಟುವ ಭಾಗವೂ ಪಕ್ಕಕ್ಕೆ ಸರಿಯುತ್ತದೆ. ಕಾರಿನ ಟೈರಿನ ಮೈ ಚಪ್ಪಟೆ. ಮೋಟಾರು ಸೈಕಲ್ಲಿನದು ದುಂಡು. ವಾಹನ, ಸವಾರ ಸೇರಿ 250 ಕಿಲೋಗ್ರಾಂ ತೂಕವಿದ್ದು, ಟೈರಿನಲ್ಲಿ ಚದರ ಅಂಗುಲಕ್ಕೆ 30 ಪೌಂಡು ಗಾಳಿಯಿದ್ದರೆ, ಪ್ರತಿಯೊಂದು ಚಕ್ರವೂ ನೆಲವನ್ನು ಮುಟ್ಟುವುದು ಸ್ಥೂಲವಾಗಿ 60 ಚದರ ಸೆಂಟಿಮೀಟರಿನಷ್ಟು ಜಾಗದಲ್ಲಿ. ಅದು ಅಂಗೈಗಿಂತಲೂ ಕಿರಿದು. ಟೈರಿನ ಅಡ್ಡಕೊಯ್ತದ ದುಂಡಿಗೆ 5 ಸೆಂಟಿಮೀಟರು ತ್ರಿಜ್ಯವಿದೆಯೆಂದುಕೊಂಡರೆ, 26 ಡಿಗ್ರಿ ವಾಲಿದಾಗ ಈ ಅಂಗೈ ಎರಡು ಸೆಂಟಿಮೀಟರಿಗೂ ಹೆಚ್ಚು ಪಕ್ಕಕ್ಕೆ ಸರಿಯುತ್ತದೆ. ಎಂದರೆ ಅದರ ಬಹುಭಾಗ ನೇರರಸ್ತೆಯಲ್ಲಿ ಎಂದೂ ನೆಲವನ್ನು ಕಾಣದ ರಬ್ಬರಿನ ಮೇಲೆ ನಿಲ್ಲುತ್ತದೆ. ಶಿವಮೊಗ್ಗದ ರಸ್ತೆಯಲ್ಲಿ ಇನ್ನೂರಲ್ಲ, ಎರಡು ಸಾವಿರ ಕಿಲೋಮೀಟರು ಓಡಿಸಿದ್ದರೂ ಹುಂಚದ ತಿರುವಿಗೆ ಆ ಟೈರು ಹೊಸದೇ.

ಟೈರು ತಯಾರಕರಲ್ಲಿ ಹಲವರು ಮೊದಲ 100 ಮೈಲಿ, ಎಂದರೆ ಸುಮಾರು 160 ಕಿಲೋಮೀಟರು, ಜೋಪಾನವಾಗಿ ಓಡಿಸಬೇಕೆಂದು ಹೇಳುತ್ತಾರೆ. ಮಾತು ಸರಿಯೇ. ಆದರೆ ದೂರವನ್ನಷ್ಟೇ ನೆನಪಿಟ್ಟು, ನಿಧಾನವಾಗಿ ವಾಲಿಕೆಯನ್ನು ಹೆಚ್ಚಿಸುತ್ತ ಹೋಗಬೇಕೆಂಬ ಉಳಿದರ್ಧವನ್ನು ಮರೆಯುವವರೇ ಬಹಳ. ಟೈರು ಪಳಗುವುದು ಮೈಲಿಯಿಂದಲ್ಲ, ಕೋನದಿಂದ.

ಇದನ್ನು ನೋಡಲು ನಮ್ಮ ವೃತ್ತಿಯ ಉಪಕರಣವೇ ಸಾಕು. ಸೀಮೆಸುಣ್ಣದಿಂದ ಟೈರಿನ ಅಡ್ಡಲಾಗಿ, ಒಂದು ಅಂಚಿನಿಂದ ಇನ್ನೊಂದು ಅಂಚಿನವರೆಗೆ, ದಪ್ಪನಾದ ಒಂದು ಗೆರೆಯನ್ನು ಎಳೆಯಿರಿ. ಒಣಗಿದ ದಿನ ಎಂದಿನಂತೆ ಸ್ವಲ್ಪ ದೂರ ಓಡಿಸಿ ಬಂದು ನೋಡಿದರೆ, ನೆಲ ಮುಟ್ಟಿದಷ್ಟು ಭಾಗದಲ್ಲಿ ಗೆರೆ ಅಳಿಸಿಹೋಗಿರುತ್ತದೆ. ಮುಟ್ಟದಲ್ಲಿ ಬೆಳ್ಳಗೆ ಉಳಿದಿರುತ್ತದೆ. ಎಡಕ್ಕಿಂತ ಬಲಕ್ಕೆ, ಅಥವಾ ಬಲಕ್ಕಿಂತ ಎಡಕ್ಕೆ ನಾವು ಹೆಚ್ಚು ಧೈರ್ಯವಾಗಿ ವಾಲುತ್ತೇವೆಂಬ ವಿಚಿತ್ರವೂ ಇದರಿಂದ ಹೊರಬೀಳುವುದುಂಟು. ನನ್ನ ಟೈರಿನಲ್ಲಿ ಬಲಪಕ್ಕದ ಪಟ್ಟಿಗಿಂತ ಎಡಪಕ್ಕದ್ದು ಕಿರಿದಾಗಿ ಅಳಿಸಿತ್ತು. ಬಿದ್ದುದು ಎಡತಿರುವಿನಲ್ಲಿಯೇ ಎಂಬುದು ಆಗ ನೆನಪಾಯಿತು.

ನಮ್ಮ ಕಾಲೇಜಿನ ಹುಡುಗರು ಟೈರಿನ ಅಂಚಿನಲ್ಲಿ ಉಳಿದ ಹೊಳಪಿನ ಪಟ್ಟಿಯನ್ನು ಪುಕ್ಕಲುತನದ ಗುರುತೆಂದು ಭಾವಿಸಿ, ಅದನ್ನು ಒಂದೇ ದಿನದಲ್ಲಿ ಅಳಿಸಲು ಹುಲಿಕಲ್ ಘಾಟಿಗೋ ಆಗುಂಬೆಗೋ ಹೊರಡುವುದನ್ನು ಕಂಡಿದ್ದೇನೆ. ಅವರಿಗೆ ಹೇಳುವುದಿಷ್ಟೆ: ಆ ಪಟ್ಟಿ ಧೈರ್ಯದ ಮಾಪಕವಲ್ಲ, ಒಂದು ನಕ್ಷೆ. ಎಲ್ಲಿಯವರೆಗೆ ಬೂದುಬಣ್ಣವೋ ಅಲ್ಲಿಯವರೆಗೆ ದಾರಿ ತಿಳಿದಿದೆ, ಅದರಾಚೆ ತಿಳಿಯದು ಎಂದು ಅದು ತೋರಿಸುತ್ತದೆ.

ಹೊಳಪೊಂದೇ ಕಾರಣವೆಂದು ತಿಳಿಯಬಾರದು. ಹಳೆಯ ಹಿಂದಿನ ಟೈರು ನೇರರಸ್ತೆಯಲ್ಲಿ ನಡುವೆ ಸವೆದು ಚಪ್ಪಟೆಯಾಗಿರುತ್ತದೆ. ಅದಕ್ಕೆ ಒಗ್ಗಿದ ಕೈಗಳಿಗೆ ದುಂಡಾದ ಹೊಸ ಟೈರು ತಿರುವಿನಲ್ಲಿ ತಾನೇ ತಾನಾಗಿ ಒಳಕ್ಕೆ ಬಿದ್ದಂತೆ ತೋರುತ್ತದೆ. ಸವಾರ ತಾನರಿಯದೆ ಹಿಂದಿಗಿಂತ ಹೆಚ್ಚು ವಾಲಿಬಿಡುತ್ತಾನೆ. ಇಲ್ಲಿ ಪಳಗಬೇಕಾದುದು ಟೈರಲ್ಲ, ಸವಾರ. ಹೊಸ ಟೈರಿನ ಗಟ್ಟುಗಳು ಎತ್ತರವಾಗಿರುವುದರಿಂದ ಬ್ರೇಕು ಹಿಡಿದಾಗ ಅವು ಸ್ವಲ್ಪ ಬಾಗಿ, ವಾಹನ ತೂಗಾಡಿದಂತೆ ಅನಿಸುವುದೂ ಉಂಟು. ಇನ್ನೊಂದು ವಿಷಯ: ಟೈರನ್ನು ರಿಮ್ಮಿಗೆ ಕೂರಿಸುವಾಗ ಅಂಗಡಿಯವರು ಸೋಪಿನ ನೀರನ್ನು ಹಚ್ಚುತ್ತಾರೆ. ಅದು ಒಣಗುವ ಮೊದಲೇ ಜೋರಾಗಿ ಬ್ರೇಕು ಒತ್ತಿದರೆ ಟೈರು ರಿಮ್ಮಿನ ಮೇಲೆ ಜರುಗಬಹುದು. ಒಳಗೆ ಟ್ಯೂಬಿದ್ದರೆ ಅದರೊಡನೆ ಟ್ಯೂಬೂ ಜರುಗಿ ವಾಲ್ವು ಓರೆಯಾಗುತ್ತದೆ. ಮೊದಲ ದಿನಗಳಲ್ಲಿ ವಾಲ್ವು ನೆಟ್ಟಗಿದೆಯೇ ಎಂದು ನೋಡುವುದು ಒಳ್ಳೆಯದು. ಗಾಳಿಯನ್ನೂ ಮರುದಿನ ಬೆಳಿಗ್ಗೆ, ಟೈರು ತಣ್ಣಗಿರುವಾಗ, ಮತ್ತೆ ಅಳೆಯಿಸಬೇಕು.

ಹಾಗಾದರೆ ಮಾಡತಕ್ಕದ್ದೇನು? ಒಣಗಿದ, ಪರಿಚಿತವಾದ ರಸ್ತೆಯನ್ನು ಆರಿಸಿಕೊಳ್ಳಬೇಕು. ಮೊದಲು ನೇರವಾಗಿ, ಮೃದುವಾಗಿ ಬ್ರೇಕು ಹಿಡಿಯುತ್ತ ಓಡಿಸಬೇಕು. ಅನಂತರ ತಿರುವುಗಳಲ್ಲಿ ದಿನದಿನಕ್ಕೆ ಸ್ವಲ್ಪಸ್ವಲ್ಪವಾಗಿ, ಎಡಕ್ಕೂ ಬಲಕ್ಕೂ, ವಾಲಿಕೆಯನ್ನು ಹೆಚ್ಚಿಸಬೇಕು. ಪಳಗಿದ ಪಟ್ಟಿಯ ಅಂಚಿನಲ್ಲಿ ಹೊಸ ರಬ್ಬರು ಬೆರಳಗಲ ಮಾತ್ರ ಸೇರಿದರೆ, ಅಂಗೈಯ ಉಳಿದ ಭಾಗ ಹಳೆಯ ಪಟ್ಟಿಯ ಮೇಲಿದ್ದು ಹಿಡಿದುಕೊಳ್ಳುತ್ತದೆ. ನಾನು ಮಾಡಿದ್ದು ಇದಕ್ಕೆ ವಿರುದ್ಧ: ಒಂದು ವಾರ ನಡುಪಟ್ಟಿಯ ಮೇಲೆ ಓಡಿಸಿ, ಎಂಟನೆಯ ದಿನ ನೀರಿನಲ್ಲಿ ಇಡೀ ಅಂಗೈಯನ್ನೇ ಹೊಸ ರಬ್ಬರಿನ ಮೇಲೆ ಊರಿದ್ದೆನು.

ಬೇಗ ಪಳಗಲೆಂದು ಕೆಲವರು ಟೈರನ್ನು ಪೆಟ್ರೋಲಿನಿಂದಲೋ ಸೀಮೆಎಣ್ಣೆಯಿಂದಲೋ ಒರಸುತ್ತಾರೆ. ಇದು ತಪ್ಪು. ಈ ದ್ರವಗಳು ರಬ್ಬರಿನೊಳಕ್ಕೆ ಇಳಿದು ಅದನ್ನು ಉಬ್ಬಿಸಿ ಕೆಡಿಸುತ್ತವೆ. ಪಕ್ಕಗಳಲ್ಲಿ ಇರಬೇಕಾದ ರಕ್ಷಕ ಪದರವನ್ನೂ ಕಳೆಯುತ್ತವೆ. ಉಪ್ಪುಕಾಗದದಿಂದ ಉಜ್ಜುವ ಅಗತ್ಯವೂ ಇಲ್ಲ. ರಸ್ತೆಗಿಂತ ಒಳ್ಳೆಯ ಉಪ್ಪುಕಾಗದ ಬೇರಿಲ್ಲ. ಇದಕ್ಕಿಂತ ಕೆಟ್ಟುದು, ಗಾಡಿ ತೊಳೆಯುವಲ್ಲಿ ಅಂದಕ್ಕಾಗಿ ಟೈರಿಗೆ ಪಾಲಿಷ್ ಬಳಿಸಿಕೊಳ್ಳುವುದು. ಪಕ್ಕಕ್ಕೆ ಬಳಿದುದು ನೆಲ ಮುಟ್ಟುವ ಮೈಗೆ ಹರಿದರೆ, ತಿಂಗಳುಗಟ್ಟಲೆ ಪಳಗಿಸಿದ ಟೈರು ಹತ್ತು ನಿಮಿಷದಲ್ಲಿ ಮತ್ತೆ ಹೊಸದಾಗುತ್ತದೆ. 2019ರ ಏಪ್ರಿಲಿನಿಂದ ನಮ್ಮ ದೇಶದಲ್ಲಿ 125 ಸಿ.ಸಿ.ಗಿಂತ ದೊಡ್ಡ ಹೊಸ ಮೋಟಾರು ಸೈಕಲ್ಲುಗಳಿಗೆಲ್ಲ ಚಕ್ರ ಕಚ್ಚಿಕೊಳ್ಳದಂತೆ ತಡೆಯುವ ಎ.ಬಿ.ಎಸ್. ಬ್ರೇಕನ್ನು ಕಡ್ಡಾಯಮಾಡಲಾಗಿದೆ, ಅದಿದ್ದರೆ ಭಯವಿಲ್ಲವೆಂದು ವಾದಿಸುವವರಿದ್ದಾರೆ. ಅದು ಬ್ರೇಕು ಹಿಡಿದಾಗಿನ ರಕ್ಷಣೆ. ಬ್ರೇಕನ್ನೇ ಮುಟ್ಟದೆ ಪಕ್ಕಕ್ಕೆ ಜಾರಿದವನಿಗೆ ಅದು ಏನು ಮಾಡೀತು?

ಕೊಳ್ಳುವಾಗ ಟೈರಿನ ಪಕ್ಕದಲ್ಲಿ ಒತ್ತಿರುವ ನಾಲ್ಕು ಅಂಕಿಗಳನ್ನೂ ಓದಿಕೊಳ್ಳಬೇಕು. ಮೊದಲ ಎರಡು ವರ್ಷದ ಎಷ್ಟನೆಯ ವಾರವೆಂಬುದನ್ನೂ, ಕೊನೆಯ ಎರಡು ಯಾವ ವರ್ಷವೆಂಬುದನ್ನೂ ಹೇಳುತ್ತವೆ. 2723 ಎಂದಿದ್ದರೆ ಅದು 2023ರ ಇಪ್ಪತ್ತೇಳನೆಯ ವಾರದಲ್ಲಿ ತಯಾರಾದುದು.

ಎಲ್ಲಕ್ಕಿಂತ ಮುಖ್ಯವಾಗಿ ಮಲೆನಾಡಿನವರು ಗಮನಿಸಬೇಕಾದುದು ಕಾಲವನ್ನು. ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7,000 ಮಿಲಿಮೀಟರಿಗೂ ಹೆಚ್ಚು ಮಳೆ ಬೀಳುತ್ತದೆ. ಅದರ ಬಹುಪಾಲು ಜೂನಿನಿಂದ ಸೆಪ್ಟೆಂಬರಿನೊಳಗೆ. ಆದುದರಿಂದ ಗೊಬ್ಬರ, ಕಂಬಳಿ, ಒಣಸೌದೆಗಳ ಜೊತೆಗೆ ಟೈರನ್ನೂ ಮಳೆ ಹಿಡಿಯುವ ಮುನ್ನ ಬದಲಾಯಿಸುವುದು ನಮ್ಮಲ್ಲಿ ರೂಢಿ. ಉದ್ದೇಶ ಸರಿಯಾದುದೇ, ಬೋಳು ಟೈರಿನಲ್ಲಿ ಮಳೆಗಾಲ ಕಳೆಯುವುದು ಇನ್ನೂ ಅಪಾಯ. ಆದರೆ ಮೇ ತಿಂಗಳ ಕೊನೆಗೋ ಜೂನಿಗೋ ಹಾಕಿಸಿದರೆ ಹೊಸ ಟೈರೂ ಹೊಸ ಮಳೆಯೂ ಒಂದೇ ವಾರದಲ್ಲಿ ಸೇರುತ್ತವೆ. ಮರದಡಿಯ ರಸ್ತೆಗಳಲ್ಲಿ ಹಾವಸೆ ಕಟ್ಟಿ, ತರಗೆಲೆ ಕೊಳೆತು ಹಾಸಿದ ಮೇಲೆ ಅಂಚನ್ನು ಪಳಗಿಸಲು ಒಣರಸ್ತೆಯನ್ನು ಎಲ್ಲಿಂದ ತರುವುದು? ಏಪ್ರಿಲಿನಲ್ಲಿ ಹಾಕಿಸಿದರೆ ಖರ್ಚು ಅಷ್ಟೇ. ಪಳಗಲು ಒಂದು ತಿಂಗಳಿಗೂ ಮೀರಿ ಬಿಸಿಲು ಸಿಗುತ್ತದೆ.

ಮುಂದಿನ ಸಲ ನಾನು ಹಾಗೆಯೇ ಮಾಡಿದೆನು. ಯುಗಾದಿ ಕಳೆದ ಮೇಲೆ ಟೈರು ಹಾಕಿಸಿ, ಪ್ರತಿ ಭಾನುವಾರ ಸೀಮೆಸುಣ್ಣದ ಗೆರೆ ಎಳೆದು, ಹುಂಚದವರೆಗೆ ಹೋಗಿಬಂದು ಅಳಿಸಿದ ಅಗಲವನ್ನು ಅಣ್ಣನ ಮಗನ ನೋಟುಪುಸ್ತಕದಲ್ಲಿ ಬರೆಯಿಸಿದೆನು. ನಾಲ್ಕು ಭಾನುವಾರ ಅಗಲ ಹೆಚ್ಚುತ್ತ ಹೋಗಿ ಐದನೆಯದರಲ್ಲಿ ನಿಂತಿತು. ಅಂಚಿನಲ್ಲಿ ಎರಡು ಕಡೆಯೂ ಬೆರಳಗಲದ ಹೊಳಪು ಉಳಿದಿತ್ತು. ಹುಡುಗ ಅದನ್ನು ತೋರಿಸಿ, "ಇಷ್ಟು ಉಳಿದಿದೆಯಲ್ಲ, ಚಿಕ್ಕಪ್ಪ?" ಎಂದ. ಆ ತಿರುವನ್ನು ಈಗ ನಾನು ದಾಟುವುದು 25 ಕಿಲೋಮೀಟರು ವೇಗದಲ್ಲಿ; ಆ ವೇಗದಲ್ಲಿ ಅದು ಟೈರು ಸವೆದು ಹೋಗುವವರೆಗೂ ಹಾಗೆಯೇ ಉಳಿಯುತ್ತದೆಂದು ಹೇಳಿದೆನು.